ಸಾದಿಯನ್ನು ಓದುವ ಮುನ್ನ

ಚಿ. ಮೇದಿನಿಗೆ ಮಾವನ ಆಶೀರ್ವಾದಗಳು.

ಇರಾನಿನ ಶಿರಾಜ್ ಊರಿನ ಪಾರಸಿ ಕವಿ ಸಾದಿಯ ಮೇಲೆ ಲೇಖನ ಬರೆಯುತ್ತಿದ್ದೀಯೆಂದು ನಿಮ್ಮಮ್ಮ ಹೇಳಿದಳು. ಸಂತೋಷ. ಆದರೆ ಅವನ ಹುಟ್ಟಿನಿಂದ ಶುರುಮಾಡಬೇಡ. ಹುಟ್ಟಿದ್ದು 1210ರ ಆಸುಪಾಸು ಎನ್ನುವುದು ಬರೀ ಅಂದಾಜು. ತೀರಿಕೊಂಡದ್ದು 1291 ಇಲ್ಲವೆ 1292. ನಂಬಿ ಹಿಡಿಯಬಹುದಾದ್ದು ಅವನೇ ಪದ್ಯದಲ್ಲಿ ಹೇಳಿಟ್ಟ ಎರಡು ವರ್ಷಗಳು, ಅವನ ಎರಡು ಪುಸ್ತಕಗಳವು: ‘ಬೂಸ್ತಾನ್’ ಹಿಜರಿ (ಮುಸ್ಲಿಮರ ಶಕೆ) 655, ‘ಗುಲಿಸ್ತಾನ್’ 656.

ಇಲ್ಲೇ ಹಲವರು ಎಡವುವುದು. ಗುಲಿಸ್ತಾನಿನ 656ಕ್ಕೆ 622 ಕೂಡಿಸಿ 1278 ಎಂದು ಬರೆದುಬಿಡುತ್ತಾರೆ. ಹಿಜರಿ ವರ್ಷ ಚಾಂದ್ರಮಾನದ್ದು, ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಕಡಿಮೆ. ನಮ್ಮ ಪಂಚಾಂಗದ ಹಾಗೆ ಅಧಿಕಮಾಸ ಹಾಕಿ ಸರಿದೂಗಿಸುವುದೂ ಇಲ್ಲ. ಆದ್ದರಿಂದ ಮೊದಲು 0.97ರಿಂದ ಗುಣಿಸಿ, ಆಮೇಲೆ 622 ಕೂಡಿಸು. 1258 ಬರುತ್ತದೆ.

ಆ ಇಸವಿ ಸರಿಹೋದರೆ ಪುಸ್ತಕದ ಬಣ್ಣವೇ ಬದಲಾಗುತ್ತದೆ. 1258ರ ಫೆಬ್ರವರಿಯಲ್ಲಿ ಹುಲಾಗುವಿನ ಮಂಗೋಲ್ ಸೈನ್ಯ ಬಾಗ್ದಾದನ್ನು ಹಿಡಿದು ಖಲೀಫ ಮುಸ್ತಾಸಿಮನನ್ನು ಕೊಂದಿತು. ಗುಲಿಸ್ತಾನಿನ ಪೀಠಿಕೆ ಅದೇ ವರ್ಷದ ವಸಂತದ್ದು. ಅಲ್ಲಿ ಹೂವು, ತೋಟ, ಗೆಳೆಯನ ಮಾತು. ಸಾದಿಗೆ ಎದೆಯಿರಲಿಲ್ಲ ಎಂದುಕೊಳ್ಳಬೇಡ. ಖಲೀಫನ ಅಳಿವಿಗೆ ಪಾರಸಿಯಲ್ಲೂ ಅರಬ್ಬಿಯಲ್ಲೂ ಬೇರೆಯಾಗಿ ಶೋಕಗೀತೆ ಬರೆದಿದ್ದಾನೆ. ಶಿರಾಜ್ ಉಳಿದುಕೊಂಡದ್ದು ಅದರ ದೊರೆ ಅಬೂಬಕರ್ ಮಂಗೋಲರಿಗೆ ಕಪ್ಪ ಕಟ್ಟುತ್ತಿದ್ದರಿಂದ. ಬೂಸ್ತಾನಿನಲ್ಲಿ ಸಾದಿ ಅವನನ್ನು ಹೊಗಳುವ ಬಗೆ ನೋಡು: ಶತ್ರುಗಳನ್ನು ತಡೆಯಲು ಸಿಕಂದರ ಕಟ್ಟಿದ ಗೋಡೆ ಲೋಹದ್ದು, ನಿನ್ನದು ಚಿನ್ನದ್ದು (ಕಪ್ಪದ ಚಿನ್ನ)! ಹೊಗಳಿಕೆಯೋ ಚುಚ್ಚುಮಾತೋ, ನೀನೇ ತೀರ್ಮಾನಿಸು. ನನಗಂತೂ ಎರಡೂ ಕೇಳಿಸುತ್ತದೆ.

ಇನ್ನು ಅವನ ‘ನಾನು’. ಕಥೆಯಲ್ಲಿ ‘ನಾನು’ ಎಂದ ಕೂಡಲೇ ಜೀವನಚರಿತ್ರೆಗೆ ಸೇರಿಸಬೇಡ. ಗುಲಿಸ್ತಾನಿನ ಐದನೆಯ ಅಧ್ಯಾಯದಲ್ಲಿ ಮಧ್ಯ ಏಷ್ಯಾದ ಕಾಶ್ಗರಿಗೆ ಹೋಗಿದ್ದೆ ಎನ್ನುತ್ತಾನೆ, ಅಲ್ಲಿನ ದೊರೆ ಖ್ವಾರಜ್ಮ್ ಷಾ ನೆರೆಯ ಖಿತಾ ರಾಜ್ಯದವರೊಡನೆ ಸಂಧಿ ಮಾಡಿಕೊಂಡ ವರ್ಷ. ಲೆಕ್ಕ ಹಾಕಿದರೆ ಆಗ ಅವನಿನ್ನೂ ತೊಟ್ಟಿಲ ಕೂಸು. ಬೂಸ್ತಾನಿನ ಎಂಟನೆಯ ಅಧ್ಯಾಯದ ಸೋಮನಾಥದ ಕಥೆಯಲ್ಲಿ ಬ್ರಾಹ್ಮಣರು ಪಾರ್ಸಿಗಳ ಧರ್ಮಸಾಹಿತ್ಯವಾದ ಜೆಂದ್ ಓದುತ್ತಾರೆ. ಕಣ್ಣಾರೆ ಕಂಡವನು ಹಾಗೆ ಬರೆಯಲಾರ. ಲೆಬನಾನಿನ ಟ್ರಿಪೋಲಿಯಲ್ಲಿ ಫ್ರಾಂಕರ (ಯುರೋಪಿನ ಕ್ರೈಸ್ತ ಧರ್ಮಯೋಧರ) ಸೆರೆಯಾಳಾಗಿ ಕಂದಕ ತೋಡಿದ್ದು, ಅಲೆಪ್ಪೊದ ಪರಿಚಿತನೊಬ್ಬ ಹತ್ತು ದಿನಾರಿಗೆ ಬಿಡಿಸಿ ನೂರು ದಿನಾರಿನ ಮೆಹರ್ (ಗಂಡು ಹೆಣ್ಣಿಗೆ ಕೊಡುವ ಧನ) ಗೊತ್ತುಮಾಡಿ ಮಗಳನ್ನು ಕೊಟ್ಟದ್ದು: ಸೊಗಸಾದ ಕಥೆ, ಸಾಕ್ಷ್ಯವಲ್ಲ. ‘ಸಾದಿ ಹೀಗೆ ಹೇಳುತ್ತಾನೆ’ ಎಂದು ಬರೆದರೆ ನಿನ್ನ ಮೇಲೆ ತಪ್ಪು ಬರುವುದಿಲ್ಲ.

ಗುಲಿಸ್ತಾನಿನ ಎಂಟು ಅಧ್ಯಾಯಗಳನ್ನೂ ಒಂದೇ ಉಸಿರಿಗೆ ಓದಬೇಡ, ನೀತಿಯೆಲ್ಲ ಕಲಸಿಹೋಗುತ್ತದೆ. ದಿನಕ್ಕೆ ಎರಡೋ ಮೂರೋ ಕಥೆ ಸಾಕು. ಚಂಪೂ ಓದಿದವಳು ನೀನು, ಗದ್ಯದ ನಡುವೆ ಪದ್ಯ ಬಂದರೆ ಬೆದರಬೇಕಿಲ್ಲ. ಆದರೆ ಇಲ್ಲಿ ಗದ್ಯಕ್ಕೂ ಪ್ರಾಸವಿದೆ. ಮೊದಲ ಕಥೆಯ ‘ದುರೋಗೆ ಮಸ್ಲಹತ್ ಆಮೇಜ್ ಬೆಹ್ ಅಜ್ ರಾಸ್ತೆ ಫಿತ್ನಾ ಅಂಗೇಜ್’ ಎಂಬ ಮಾತನ್ನು ಗಟ್ಟಿಯಾಗಿ ಹೇಳಿ ನೋಡು: ಕೇಡು ಕೆರಳಿಸುವ ನಿಜಕ್ಕಿಂತ ಒಳಿತು ಬೆರೆತ ಸುಳ್ಳು ಮೇಲು. ಅನುವಾದಿಸುವಾಗ ಇದನ್ನು ವಿವರಿಸಲು ಹೋದೆಯೋ, ಬರೀ ಉಪದೇಶವಾಗಿಬಿಡುತ್ತದೆ. ಚಿಕ್ಕದಾಗಿಡು. ಜೊತೆಗೆ ಸಂದರ್ಭವನ್ನೂ ಕೊಡು: ಮರಣದಂಡನೆಗೆ ಗುರಿಯಾದ ಸೆರೆಯಾಳು ರಾಜನನ್ನು ಬೈದಿದ್ದಾನೆ; ಅವನ ಜೀವ ಉಳಿಸಲೆಂದು ಮಂತ್ರಿ ಆ ಬೈಗುಳವನ್ನು ಒಳ್ಳೆಯ ಮಾತಾಗಿ ತಿರುಗಿಸಿ ಹೇಳುತ್ತಾನೆ. ಅದನ್ನು ಬಿಟ್ಟು ಬರೀ ಆ ಸಾಲನ್ನು ಎತ್ತಿ ಬರೆದರೆ ಸಾದಿ ಸುಳ್ಳಿಗೆ ವಕಾಲತ್ತು ಹಾಕಿದಂತೆ ಕಾಣುತ್ತದೆ.

‘ಬನಿ ಆದಮ್’ (ಆದಮನ ಮಕ್ಕಳು) ಪದ್ಯವನ್ನು ನೀನು ಬಳಸದೆ ಇರಲಾರೆ. ಅದು ಮೊದಲ ಅಧ್ಯಾಯದ ಹತ್ತನೆಯ ಕಥೆಯಲ್ಲಿದೆ: ದಮಾಸ್ಕಸ್ಸಿನ ದೊಡ್ಡ ಮಸೀದಿಯಲ್ಲಿ, ಯಹ್ಯಾ ಪ್ರವಾದಿಯ (ಕ್ರೈಸ್ತರ ಸ್ನಾನಿಕ ಯೋಹಾನನ) ಸಮಾಧಿಯ ಬಳಿ, ಅನ್ಯಾಯಕ್ಕೆ ಹೆಸರಾದ ಅರಸನೊಬ್ಬ ಹರಕೆ ಬೇಡಲು ಬಂದಿದ್ದಾನೆ. ವಿಶ್ವಮಾನವತೆಯ ಪದ್ಯವೆಂದು ಎಲ್ಲರೂ ಉದ್ಧರಿಸುತ್ತಾರೆ, ಎದುರಿಗೆ ನಿಂತ ಆ ಅರಸನನ್ನು ಮಾತ್ರ ಮರೆಯುತ್ತಾರೆ. ಮೊದಲ ಸಾಲಿಗೆ ಎರಡು ಪಾಠಾಂತರಗಳಿವೆ: ಮನುಷ್ಯರು ‘ಒಬ್ಬರಿಗೊಬ್ಬರು ಅಂಗಗಳು’ ಎಂದೊಂದು, ‘ಒಂದೇ ದೇಹದ ಅಂಗಗಳು’ ಎಂದಿನ್ನೊಂದು. ಯಾವುದನ್ನು ತೆಗೆದುಕೊಂಡೆ, ಯಾರು ಸಂಪಾದಿಸಿದ ಪ್ರತಿಯಿಂದ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಹಾಕು. ಕರಡು ಮುಗಿದ ಮೇಲೆ ಕಳಿಸು, ಇಸವಿಗಳನ್ನು ನಾನೂ ಒಮ್ಮೆ ನೋಡುತ್ತೇನೆ.

ಇತಿ,
ನಿನ್ನ ಸೋದರಮಾವ