ನನ್ನ 'ಸೊಸೆ'ಗೆ ಕಿವಿಗೊಟ್ಟ ಡಾಕ್ಟರಿಗೆ

ಹೊಸ ಹಲ್ಲು ಸೆಟ್ ಹಾಕಿಕೊಂಡು ಇವತ್ತಿಗೆ ಮೂರು ತಿಂಗಳು. ನಿನ್ನೆ ಮೊಮ್ಮಗಳಿಗೆ ಫೋನಿನಲ್ಲಿ ಒಂದಿಡೀ ಕತೆ ಹೇಳಿದೆ. ಒಂದು ಸಲವೂ ಅವಳು "ಏನಂದ್ರಿ ತಾತ?" ಅನ್ನಲಿಲ್ಲ. ಆ ಖುಷಿಗೆ ಈ ನಾಲ್ಕು ಮಾತು.

ಮೊದಲ ಸೆಟ್ ಬೇರೆ ಕಡೆ ಕಟ್ಟಿಸಿದ್ದೆ. ಕನ್ನಡಿಯಲ್ಲಿ ಲಕ್ಷಣವಾಗಿಯೇ ಇತ್ತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು! 'ಸೊಸೆ' ಅಂತ ಹೇಳಿದರೆ ಸಾಕು, ಮೇಲಿನ ಹಲ್ಲು ಕೆಳಗಿನದಕ್ಕೆ ಟಕ್ಕಂತ ಬಡಿಯುತ್ತಿತ್ತು. ನನ್ನ ಸೊಸೆಯ ಹೆಸರಲ್ಲೂ 'ಸ' ಇದೆ. ಅವಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದೆ. ಎಲ್ಲದಕ್ಕೂ ಸುಮ್ನೆ ತಲೆಯಾಡಿಸುತ್ತಿದ್ದೆ.

ಎರಡನೇ ಡಾಕ್ಟರು ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಗಿಟ್ಟರು. ಕನ್ನಡಿ ಕೊಡಲೇ ಇಲ್ಲ. "ಮಾತಾಡಿ ಸಾರ್, 'ಫೋನು, ಫೋಟೋ' ಅನ್ನಿ" ಎಂದು ನನ್ನ ಕೆಳದುಟಿಯನ್ನೇ ನೋಡುತ್ತಾ ಕೂತರು. ನನ್ನ 'ಫೋಟೋ' 'ವೋಟೋ' ಆಗಿ ಹೊರಬಿತ್ತು. ಮೇಲಿನ ಮುಂದಿನ ಹಲ್ಲು ಉದ್ದವಾಗಿತ್ತಂತೆ. ಕೆಳದುಟಿಯ ಒದ್ದೆ ಮುಗಿದು ಒಣ ಶುರುವಾಗುವ ಗೆರೆ ಇದೆಯಲ್ಲ, ಹಲ್ಲಿನ ತುದಿ ಅಲ್ಲಿ ಹಗುರವಾಗಿ ತಾಗಬೇಕು. ಮೇಣ ಬಿಸಿ ಮಾಡಿ ಹಲ್ಲನ್ನು ಒಂದಿಷ್ಟು ಮೇಲೆತ್ತಿದರು. ಫೋಟೋ ಫೋಟೋನೇ ಆಯಿತು.

ಆಮೇಲೆ 'ಸ'. ಅದನ್ನು ಹೇಳುವಾಗ ಎರಡು ಸಾಲೂ ತೀರಾ ಹತ್ತಿರ ಬರಬೇಕು, ತಾಗಬಾರದು. ನಡುವೆ 1-2 ಮಿ.ಮೀ. ಸಂದು ಉಳಿಯಬೇಕು. ನನ್ನ ಹಳೆಯ ಸೆಟ್ಟಿನ ಎತ್ತರ ಜಾಸ್ತಿಯಾಗಿ ಆ ಸಂದೇ ಇರಲಿಲ್ಲ, ಅದಕ್ಕೇ ಆ ಟಕ್ ಟಕ್. ಹೊಸದರಲ್ಲಿ ಟಕ್ ಹೋಯಿತು, ಶಿಳ್ಳೆ ಬಂತು! ಇಬ್ಬರೂ ನಕ್ಕೆವು. ಮುಂದಿನ ಹಲ್ಲಿನ ಹಿಂದೆ, ಅಂಗುಳಕ್ಕೆ ಚೂರು ಮೇಣ ಸೇರಿಸಿ, "ಈಗ 'ಸೊಸೆ' ಅನ್ನಿ" ಎಂದರು. ನನ್ನ ಕಿವಿಗೇ ಗುರುತು ಸಿಕ್ಕಿತು. ಅದು ನನ್ನದೇ ದನಿ.

ಡಾಕ್ಟರೇ, ಕಾಯುವ ಜನ ಹೊರಗಿದ್ದರೂ ನೀವು ಅವಸರ ಮಾಡಲಿಲ್ಲ. ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್. ಮೇಣದಲ್ಲಿ ಇದ್ದದ್ದನ್ನು ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಗಟ್ಟಿ ಹಲ್ಲಾಗಿಸಿದ ಲ್ಯಾಬಿನವರಿಗೂ. ಅವರ ಮುಖ ನಾನು ನೋಡಿಲ್ಲ.

ಇನ್ನು ಸೊಸೆ. ಹೊಸ ಸೆಟ್ಟಿಗೆ ನಾಲಿಗೆ ಒಗ್ಗಲು ಕೆಲವು ವಾರ ಬೇಕಾಯಿತು. ಅಷ್ಟು ದಿನವೂ ಸಂಜೆ ಪೇಪರ್ ಗಟ್ಟಿಯಾಗಿ ಓದಿಸಿ, ತೊದಲಿದ ಕಡೆ ಮತ್ತೆ ಓದಿಸಿದಳು. ಈಗ ಅವಳದೇ ದೂರು: "ಮಾವ, ಬೆಳಗ್ಗೆಯಿಂದ ಎಷ್ಟು ಸಲ ಕರೆದ್ರಿ, ಲೆಕ್ಕ ಇದೆಯಾ?"