ಅಜ್ಜನಿಂದ ಬುದ್ಧಿಮಾತು ಹೇಳಿಸಬೇಡ

ಪ್ರಿಯ ತಮ್ಮ,

ನಿನ್ನ ಕವಿತೆಗಳನ್ನೆಲ್ಲ ಓದಿದೆ. ಒಂದೊಂದರಲ್ಲೂ ಒಬ್ಬ ಅಜ್ಜ ಜಗಲಿಯಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಾ, ಕೊನೆಗೊಂದು ಬುದ್ಧಿಮಾತು ಹೇಳಿ ಮುಗಿಸುತ್ತಾನೆ. ಎಪ್ಪತ್ತು ದಾಟಿದವನಾಗಿ ಹೇಳುತ್ತೇನೆ, ನಾವು ಅಷ್ಟು ಚೆನ್ನಾಗಿ ಮಾತಾಡುವುದಿಲ್ಲ.

ಬಸವಣ್ಣನವರ 'ನೆರೆ ಕೆನ್ನೆಗೆ, ತೆರೆ ಗಲ್ಲಕೆ' ವಚನ ತೆಗೆದು ನೋಡು. ಕೆನ್ನೆಗಿಳಿಯುವ ನರೆ, ಗಲ್ಲದ ಸುಕ್ಕು, ಹೋದ ಹಲ್ಲು, ಬಾಗಿದ ಬೆನ್ನು, ಕಾಲ ಮೇಲೆ ಊರುವ ಕೈ, ಆಮೇಲೆ ಕೋಲು. ನಡುವೆ ಮೈಗೆ ಸೇರದ ಒಂದೇ ಒಂದು ನೋವು: ಅನ್ಯರ ಹಂಗು. ಇವೆಲ್ಲ ಆಗುವ ಮುನ್ನ, ಮುನ್ನ ಎನ್ನುತ್ತಲೇ ವಾಕ್ಯ ಬೆಳೆಯುತ್ತದೆ. 'ಪೂಜಿಸು' ಅನ್ನುವುದು ಕಟ್ಟಕಡೆಗೆ. ಅಷ್ಟರಲ್ಲಿ ಓದುವವನು ಮುದುಕನಾಗಿ ಸಾವಿನ ಹತ್ತಿರ ಬಂದಿರುತ್ತಾನೆ. ಉಪದೇಶ ಒಂದು ಮಾತು, ಉಳಿದದ್ದು ಮೈ. ಇನ್ನೊಂದು ಗಮನಿಸು: ಹನ್ನೆರಡನೆಯ ಶತಮಾನದ ಆ ಮಾತು ಹೇಳಿದ್ದು ಇನ್ನೂ ಮುಪ್ಪು ಬರದವರಿಗೆ. ಅಂದರೆ ನಿನ್ನ ವಯಸ್ಸಿನವರಿಗೆ. 'ನನಗೆ ಅನುಭವ ಸಾಲದು' ಎಂಬ ಸಂಕೋಚ ಬಿಡು.

ಹಾಗಾದರೆ ಕಗ್ಗ ಎಂದು ಕೇಳುತ್ತೀಯ. ಅಲ್ಲಿ ಉಪದೇಶವೇ ತುಂಬಿದೆ, ನಿಜ. 1887ರಲ್ಲಿ ಹುಟ್ಟಿದ ಡಿವಿಜಿ 1943ರಲ್ಲಿ ಅದನ್ನು ಅಚ್ಚು ಹಾಕಿಸುವಾಗ ಐವತ್ತು ದಾಟಿ ಎಷ್ಟೋ ಕಂಡಿದ್ದರು. ಆದರೂ ಓದುಗನತ್ತ ಬೆರಳು ಮಾಡಲಿಲ್ಲ. 'ಎಲ್ಲರೊಳಗೊಂದಾಗು' ಎಂದದ್ದು ಮಂಕುತಿಮ್ಮನಿಗೆ. ನಾನು ಓದುವ ಪ್ರಕಾರ, ತಮಗೇ. ಬೆಳಗಾದರೆ ವಾಟ್ಸಾಪಿನಲ್ಲಿ ಕಗ್ಗ ಕಳಿಸುವ ನನ್ನ ವಾರಿಗೆಯವರು ಆ ಮಂಕನ ಜಾಗದಲ್ಲಿ ಸೊಸೆಯನ್ನೋ ಮಗನನ್ನೋ ಕೂರಿಸಿಬಿಡುತ್ತಾರೆ!

ಮುಪ್ಪಿಗೆ ಸಿಡುಕೂ ಇದೆ, ಹಠವೂ ಇದೆ. ಹಾಲಿನ ಲೆಕ್ಕಕ್ಕೆ ಜಗಳ ತೆಗೆದು, ಅದೇ ಸಂಜೆ ಯಾರದೋ ಹುಡುಗನ ಫೀಸು ಕಟ್ಟಿ ಬರುವವರನ್ನು ನಾನು ಬಲ್ಲೆ. ಎರಡೂ ಒಂದೇ ಕವಿತೆಯೊಳಗೆ ಬರಲಿ, ನಡುವೆ ಸಮಜಾಯಿಷಿ ಬೇಡ. ಬದುಕು ಏನು ಕಲಿಸಿತು ಅಂತ ಅಜ್ಜನನ್ನು ಕೇಳಬೇಡ. ಅದಕ್ಕೆ ನಾವೆಲ್ಲ ಒಂದು ಉತ್ತರ ಬಾಯಿಪಾಠ ಮಾಡಿಟ್ಟುಕೊಂಡಿರುತ್ತೇವೆ. ಯಾವ ತಮ್ಮನ ಜೊತೆ ಮಾತು ಬಿಟ್ಟಿದ್ದು, ಬಸ್ಸು ಹತ್ತುವಾಗ ಮೊದಲು ಯಾವ ಕಾಲಿಡುವುದು, ಇಂಥದ್ದು ಕೇಳು.

ಕೊನೆಯ ಕವಿತೆಯಲ್ಲಿ ಅವನು ಕನ್ನಡಕ ಹುಡುಕುವ ಸಾಲು ಮಾತ್ರ ನಿಜವಾಗಿದೆ. ಅಲ್ಲಿಂದ ಶುರುಮಾಡಿ ಮತ್ತೆ ಬರೆದು ಕಳಿಸು.

ಇತಿ,
ನಿನ್ನ ಹಿರಿಯ ಗೆಳೆಯ