ಸ್ಟೇಟ್ ಸ್ಟ್ರೀಟಿನ ಜವಳಿ ಅಂಗಡಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿಮ್ಮ ಅಜ್ಜ ಕಟ್ಟಿಸಿದ ಜವಳಿ ಅಂಗಡಿಯ ಮುಂಭಾಗದ ಎರಕದ ಕಬ್ಬಿಣದ ಕಂಬಗಳನ್ನು ತೆಗೆಸಿ, ಮೇಲಿನಿಂದ ಕೆಳಗಿನವರೆಗೂ ಗಾಜಿನ ಹೊದಿಕೆ ಹಾಕಿಸಬೇಕೆಂದಿರುವುದಾಗಿ ನೀನು ಬರೆದಿದ್ದೆ. ಆ ಪತ್ರ ಓದಿದಂದಿನಿಂದ ಶಿಕಾಗೊ ನಗರದ ಸ್ಟೇಟ್ ಸ್ಟ್ರೀಟ್ ಮತ್ತು ಮ್ಯಾಡಿಸನ್ ಸ್ಟ್ರೀಟ್ ಕೂಡುವ ಮೂಲೆಯ ಕಟ್ಟಡವೊಂದು ನನ್ನ ಮನಸ್ಸಿನಿಂದ ಕದಲುತ್ತಿಲ್ಲ. ಅದೂ ಬಟ್ಟೆ ಮಾರುವುದಕ್ಕೆಂದೇ ಕಟ್ಟಿಸಿದ್ದು. ಅದರ ಚರಿತ್ರೆಯನ್ನು ನೀನು ಒಮ್ಮೆ ಕೇಳಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

1871ರ ಮಹಾ ಬೆಂಕಿಯಲ್ಲಿ ಶಿಕಾಗೊ ನಗರದ ನಡುಭಾಗವೆಲ್ಲ ಸುಟ್ಟುಹೋದ ಮರುವರ್ಷ ಶ್ಲೆಸಿಂಜರ್ ಮತ್ತು ಮೇಯರ್ ಎಂಬ ಇಬ್ಬರು ಪಾಲುದಾರರು ಅಲ್ಲಿ ಜವಳಿ ವ್ಯಾಪಾರ ಆರಂಭಿಸಿದರು. ಅವರ ವ್ಯಾಪಾರ ಬೆಳೆದು ಈ ಮೂಲೆಗೆ ಬಂತು. 1890ರ ದಶಕದ ಕೊನೆಗೆ ಹಳೆಯ ಕಟ್ಟಡ ಸಾಲದೆ ಹೋದಾಗ, ಹೊಸದನ್ನು ರೂಪಿಸುವ ಕೆಲಸವನ್ನು ಅವರು ಲೂಯಿಸ್ ಸಲಿವನ್‌ಗೆ ವಹಿಸಿದರು. ಕಟ್ಟಡದ ರೂಪ ಅದರ ಉದ್ದೇಶವನ್ನು ಅನುಸರಿಸಬೇಕು ಎಂದು 1896ರಲ್ಲಿ ಬರೆದು ಪ್ರಸಿದ್ಧನಾದ ವಾಸ್ತುಶಿಲ್ಪಿ ಇವನೇ. ಮೊದಲು 1899ರಲ್ಲಿ ಮ್ಯಾಡಿಸನ್ ಸ್ಟ್ರೀಟಿನ ಕಡೆಗೆ ಒಂಬತ್ತು ಅಂತಸ್ತಿನ ಕಿರಿದಾದ ಭಾಗವೊಂದು ಎದ್ದು ನಿಂತಿತು. ಅದಾದ ಕೆಲವು ವರ್ಷಗಳಿಗೆ, 1904ರ ವೇಳೆಗೆ, ಹನ್ನೆರಡು ಅಂತಸ್ತಿನ ದುಂಡು ಮೂಲೆಯೂ ಸ್ಟೇಟ್ ಸ್ಟ್ರೀಟಿನ ಭಾಗವೂ ಮುಗಿದವು.

ಜವಳಿ ಮನೆತನದವನಾದ ನಿನಗೆ ಈ ಕಟ್ಟಡದ ಕಿಟಕಿಗಳು ತಕ್ಷಣ ಅರ್ಥವಾಗುತ್ತವೆ. ನಡುವೆ ತೆರೆಯಲಾಗದ ಅಗಲವಾದ ಗಾಜು, ಎರಡೂ ಪಕ್ಕಗಳಲ್ಲಿ ಗಾಳಿಗಾಗಿ ತೆರೆಯುವ ಕಿರಿದಾದ ಕದಗಳು. ಇದಕ್ಕೆ ಶಿಕಾಗೊ ಕಿಟಕಿ ಎಂದೇ ಹೆಸರು. ಕಟ್ಟಡದ ಭಾರವನ್ನೆಲ್ಲ ಒಳಗಿನ ಉಕ್ಕಿನ ಚೌಕಟ್ಟು ಹೊರುವುದರಿಂದ ಹೊರಗೋಡೆಗೆ ಹೊರುವ ಕೆಲಸವಿಲ್ಲ, ಆದ್ದರಿಂದ ಕಂಬದಿಂದ ಕಂಬದವರೆಗೂ ಗಾಜನ್ನು ಕೂರಿಸಲು ಸಾಧ್ಯವಾಯಿತು. ನಿಮ್ಮ ಅಂಗಡಿಗೆ ಬರುವ ಹೆಂಗಸರು ಸೀರೆಯನ್ನು ಬಾಗಿಲ ಬಳಿಗೆ ಒಯ್ದು, ಹಗಲಿನ ಬೆಳಕಿಗೆ ಹಿಡಿದು ನೋಡಿದ ಮೇಲಲ್ಲವೇ ಬಣ್ಣ ಒಪ್ಪುವುದು? ಇಲ್ಲಿ ಆ ಬಾಗಿಲ ಬೆಳಕನ್ನೇ ಪ್ರತಿಯೊಂದು ಅಂತಸ್ತಿನ ಒಳಕ್ಕೆ ಕರೆತಂದಿದ್ದಾರೆ. ಮೇಲಿನ ಅಂತಸ್ತುಗಳ ಹೊರಮೈಗೆ ಮೆರುಗು ಕೊಟ್ಟ ಬಿಳಿಯ ಟೆರಾಕೋಟಾ ಹಾಸಿದ್ದು, ಅಲ್ಲಿ ಅಲಂಕಾರ ಬಹಳ ಕಡಿಮೆ.

ಅಲಂಕಾರವೆಲ್ಲ ಕೆಳಗಿನ ಎರಡು ಅಂತಸ್ತುಗಳಲ್ಲಿದೆ, ಅಂದರೆ ಬೀದಿಯಲ್ಲಿ ನಡೆಯುವವರ ಕಣ್ಣಿಗೆ ನಿಲುಕುವ ಎತ್ತರದಲ್ಲಿ. ಎರಕದ ಕಬ್ಬಿಣದಲ್ಲಿ ಬಳ್ಳಿ, ಎಲೆ, ಮೊಗ್ಗು ಒಂದರೊಳಗೊಂದು ಹೆಣೆದುಕೊಂಡು ಪ್ರದರ್ಶನದ ಕಿಟಕಿಗಳನ್ನು ಚಿತ್ರಪಟದ ಚೌಕಟ್ಟಿನಂತೆ ಸುತ್ತುವರಿದಿವೆ. ಕಿಟಕಿಯೊಳಗೆ ಇಳಿಬಿಟ್ಟ ಬಟ್ಟೆಯೇ ಚಿತ್ರ. ಆ ವಿನ್ಯಾಸಗಳಲ್ಲಿ ಬಹುಪಾಲನ್ನು ಬಿಡಿಸಿದವನು ಸಲಿವನ್‌ನ ಕಚೇರಿಯಲ್ಲಿದ್ದ ಜಾರ್ಜ್ ಎಲ್ಮ್‌ಸ್ಲೀ, ಅವುಗಳ ಅಚ್ಚಿನ ಮಾದರಿಗಳನ್ನು ರೂಪಿಸಿದವನು ಕ್ರಿಸ್ಟಿಯನ್ ಶ್ನೈಡರ್. ಮೂಲೆಯ ಬಾಗಿಲ ಮೇಲಿನ ಬಳ್ಳಿಗಳ ನಡುವೆ ಸಲಿವನ್‌ನ ಹೆಸರಿನ ಮೊದಲಕ್ಷರಗಳು ಅಡಗಿವೆ. ಹುಡುಕುತ್ತ ನಿಂತರೆ ಸಿಗುತ್ತವೆ, ಅವಸರದಲ್ಲಿರುವವರಿಗೆ ಎಲೆಯಾಗಿಯೇ ಕಾಣುತ್ತವೆ. ದಾರಿಹೋಕರಿಗಾಗಿ ಇಷ್ಟೊಂದು ದುಡಿದ ಅಂಗಡಿ ಮುಂಭಾಗ ಇನ್ನೊಂದಿದೆಯೆಂದು ನನಗೆ ಅನ್ನಿಸುವುದಿಲ್ಲ.

ಕಟ್ಟಿಸಿದವರಿಗೆ ಮಾತ್ರ ಅದು ದಕ್ಕಲಿಲ್ಲ. ಅವರು 1904ರಲ್ಲೇ ಅಂಗಡಿಯನ್ನು ಹ್ಯಾರಿ ಗಾರ್ಡನ್ ಸೆಲ್ಫ್ರಿಜ್‌ಗೆ ಮಾರಿದರು. ಅವನು ಕೆಲವೇ ತಿಂಗಳಲ್ಲಿ ಅದನ್ನು ಕಾರ್ಸನ್ ಪಿರಿ ಸ್ಕಾಟ್ ಕಂಪನಿಗೆ ದಾಟಿಸಿ, ಮುಂದೆ ಲಂಡನ್ನಿಗೆ ಹೋಗಿ 1909ರಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ತನ್ನದೇ ಹೆಸರಿನ ಅಂಗಡಿ ತೆರೆದ. ಸಲಿವನ್‌ಗೂ ಅಷ್ಟು ದೊಡ್ಡ ವಾಣಿಜ್ಯ ಕಟ್ಟಡದ ಕೆಲಸ ಮತ್ತೆ ಸಿಗಲಿಲ್ಲ. ಸಣ್ಣ ಊರುಗಳ ಬ್ಯಾಂಕುಗಳನ್ನು ಅಷ್ಟೇ ಪ್ರೀತಿಯಿಂದ ಕಟ್ಟುತ್ತಿದ್ದ ಅವನು 1924ರಲ್ಲಿ ಬಡತನದಲ್ಲಿ, ಶಿಕಾಗೊ ನಗರದ ಹೋಟೆಲಿನ ಕೋಣೆಯೊಂದರಲ್ಲಿ ಬದುಕುತ್ತಿದ್ದಾಗ ತೀರಿಕೊಂಡ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೊಸ ಮಾಲೀಕರು ಕಟ್ಟಡವನ್ನು ಹಿಗ್ಗಿಸಿದಾಗ ತೋರಿದ ವಿವೇಕವನ್ನು ನೀನು ಗಮನಿಸಬೇಕು. 1906ರಲ್ಲಿ ವಾಸ್ತುಶಿಲ್ಪಿ ಡೇನಿಯಲ್ ಬರ್ನಮ್‌ನ ಸಂಸ್ಥೆ ದಕ್ಷಿಣಕ್ಕೆ ಐದು ಅಂಕಣಗಳನ್ನು ಸೇರಿಸಿತು, 1961ರ ಸುಮಾರಿಗೆ ಇನ್ನೊಂದು ಸಂಸ್ಥೆ ಮತ್ತೆ ಮೂರನ್ನು ಸೇರಿಸಿತು. ಇಬ್ಬರೂ ತಮ್ಮ ಜಾಣತನ ಮೆರೆಯದೆ ಸಲಿವನ್ ಹಾಕಿಕೊಟ್ಟ ಗೆರೆಯನ್ನೇ ಮುಂದುವರಿಸಿದರು. ಆದರೆ ನಡುವೆ, 1948ರಲ್ಲಿ, ಮಾಡಿನ ಅಂಚಿನಲ್ಲಿ ಚಾಚಿಕೊಂಡಿದ್ದ ಕಾರ್ನಿಸನ್ನು ಕಿತ್ತು ಅಲ್ಲಿ ಬೋಳು ಮೋಟುಗೋಡೆ ಕಟ್ಟಿಬಿಟ್ಟರು. ಹೋದದ್ದನ್ನು ಮರಳಿ ಕಟ್ಟಿ ನಿಲ್ಲಿಸುವ ಹೊತ್ತಿಗೆ ಸುಮಾರು ಆರು ದಶಕಗಳು ಕಳೆದಿದ್ದವು.

ಅದೇ ನಗರದಲ್ಲಿ ಸಲಿವನ್ ತನ್ನ ಪಾಲುದಾರನೊಡನೆ ಕಟ್ಟಿದ್ದ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡಕ್ಕೆ ಆ ಭಾಗ್ಯವೂ ಇರಲಿಲ್ಲ. 1972ರಲ್ಲಿ ಅದನ್ನು ಕೆಡವುತ್ತಿದ್ದಾಗ ಅಲಂಕಾರದ ತುಣುಕುಗಳನ್ನಾದರೂ ಉಳಿಸಿಕೊಳ್ಳಲು ಒಳಗೆ ಹೋಗಿದ್ದ ಛಾಯಾಗ್ರಾಹಕ ರಿಚರ್ಡ್ ನಿಕಲ್, ಕುಸಿದುಬಿದ್ದ ಅವಶೇಷಗಳಡಿಯಲ್ಲಿ ಸಿಲುಕಿ ಪ್ರಾಣಬಿಟ್ಟ. ಅದಾಗಿ ಮೂರು ವರ್ಷಕ್ಕೆ, 1975ರಲ್ಲಿ, ನಮ್ಮ ಜವಳಿ ಅಂಗಡಿಯನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಸರ್ಕಾರ ಘೋಷಿಸಿತು.

ಕಾರ್ಸನ್ ಕಂಪನಿ ಅಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ವ್ಯಾಪಾರ ನಡೆಸಿ 2007ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚಿತು. ಕಟ್ಟಡ ಈಗ ಸಲಿವನ್ ಸೆಂಟರ್ ಎಂದು ಅವನದೇ ಹೆಸರು ಹೊತ್ತಿದೆ. 2012ರಲ್ಲಿ ಕೆಳ ಅಂತಸ್ತುಗಳಿಗೆ ಟಾರ್ಗೆಟ್ ಮಳಿಗೆ ಬಂತು. ಕಬ್ಬಿಣದ ಬಳ್ಳಿಗಳ ಚೌಕಟ್ಟಿನೊಳಗೆ ಮತ್ತೆ ಬಟ್ಟೆಬರೆ ಮಾರಾಟಕ್ಕೆ ಕೂತವು.

ಒಂದು ವಿಷಯವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ಆ ಕಬ್ಬಿಣದ ಮೇಲೆ ಕಾಲಕಾಲಕ್ಕೆ ಬಳಿದ ಬಣ್ಣ ಪದರುಪದರಾಗಿ ಕೂತು, ಎಲೆಯ ನರಗಳೆಲ್ಲ ಮುಚ್ಚಿಹೋಗಿದ್ದವು. 1970ರ ದಶಕದ ಕೊನೆಯಲ್ಲಿ ವಾಸ್ತುಶಿಲ್ಪಿ ಜಾನ್ ವಿಂಚಿ ಅದರ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ ಮೊದಲಿನ ಬಣ್ಣವನ್ನೂ ಮರಳಿ ತಂದರು: ತಳದಲ್ಲಿ ಕೆಂಪು, ಅದರ ಮೇಲೆ ಹಸಿರು, ಕೆಂಪು ಅಲ್ಲಲ್ಲಿ ಇಣುಕಿ ಕಬ್ಬಿಣವು ಕಿಲುಬು ಹಿಡಿದ ಹಳೆಯ ಕಂಚಿನಂತೆ ತೋರಬೇಕೆಂಬುದು ಸಲಿವನ್‌ನ ಉದ್ದೇಶವಾಗಿತ್ತು.

ನಿಮ್ಮ ಕಂಬಗಳಿಗೂ ಪ್ರತಿ ದೀಪಾವಳಿಗೆ ಹೊಸ ಬಣ್ಣ ಬಳಿಯುತ್ತಿದ್ದುದು ನನಗೆ ನೆನಪಿದೆ. ಗಾಜಿನವರಿಗೆ ಮುಂಗಡ ಕೊಡುವ ಮೊದಲು, ಬಾಗಿಲ ಎಡಗಡೆಯ ಕಂಬದ ಬೋದಿಗೆಯ ಬಳಿ ಹೆಬ್ಬೆರಳಗಲ ಜಾಗದಲ್ಲಿ ಬಣ್ಣವನ್ನು ನಿಧಾನವಾಗಿ, ಪದರು ಪದರಾಗಿ ಕೆರೆಸಿ ನೋಡು. ತಳದಲ್ಲಿ ಏನು ಕಂಡಿತೆಂದು ಚಿತ್ರ ತೆಗೆದು ನನಗೆ ಕಳುಹಿಸು.

ನಿನ್ನ ಉತ್ತರಕ್ಕಾಗಿ ಕಾಯುತ್ತಿರುವ,
ಗೆಳೆಯ